ಹಳಕಟ್ಟಿಯವರ ಎರಡನೆಯ ಕಾಯಕ

ಇಂದು ಬಸವಾದಿ ಶರಣರ ವಚನಗಳು ಅಚ್ಚಾದ ಗ್ರಂಥಗಳಾಗಿ ನಮ್ಮ ಮನೆಗಳಲ್ಲಿವೆ. ಲಿಂಗಪೂಜೆಯ ತರುವಾಯ ಒಂದೆರಡು ವಚನಗಳನ್ನು ಪಾರಾಯಣ ಮಾಡುವ ಸದ್ಭಕ್ತರಲ್ಲಿ ಅನೇಕರಿಗೆ, ಆ ಗ್ರಂಥಗಳ ಹಿಂದೆ ಒಬ್ಬ ವಕೀಲರ ಬದಲಾದ ಉದ್ಯೋಗದ ಕಥೆಯಿದೆಯೆಂಬುದು ತಿಳಿದಿರಲಾರದು. ಆ ಮಹನೀಯರೇ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ತಾಯಿ ದಾನಮ್ಮನವರು ಮಗನು ಇನ್ನೂ ಎಳೆಯನಿರುವಾಗಲೇ ಲಿಂಗೈಕ್ಯರಾದುದರಿಂದ ಬಾಲಕನು ಅಜ್ಜಿಯ ಮಡಿಲಲ್ಲಿ ಬೆಳೆದನು. ಮುಂಬಯಿಯಲ್ಲಿ ಪದವಿಯನ್ನೂ, 1904ರಲ್ಲಿ ಕಾಯಿದೆಯ ಪರೀಕ್ಷೆಯನ್ನೂ ಮುಗಿಸಿ, ಬೆಳಗಾವಿಯಲ್ಲಿ ಸ್ವಲ್ಪಕಾಲ ವಕೀಲಿ ಮಾಡಿ, ಬಿಜಾಪುರಕ್ಕೆ ಬಂದು ನೆಲೆಸಿದರು. ಇಂದಿನ ವಿಜಯಪುರವೇ ಆ ಊರು. ವೃತ್ತಿಯು ಕೈಹತ್ತಿತು, ಸರಕಾರಿ ವಕೀಲರೂ ಆದರು. 1910ರಲ್ಲಿ ವಿದ್ಯಾಸಂಸ್ಥೆಯನ್ನೂ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟುವುದರಲ್ಲಿ ಅವರು ಮುಂದಾಳಾಗಿದ್ದರು. ಸಂಸಾರಿಯಾದವನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಆದರೆ ಅವರ ಮನಸ್ಸನ್ನು ಹಿಡಿದದ್ದು ತಾಡವೋಲೆಯ ಕಟ್ಟುಗಳು. ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಶರಣರ ವಚನಗಳು ಆಗ ಓಲೆಗಳಲ್ಲಿ ಮಲಗಿದ್ದವು. ಎಷ್ಟೋ ಮನೆಗಳಲ್ಲಿ ಅವುಗಳಿಗೆ ವಿಭೂತಿ ಪುಷ್ಪಗಳು ಸಲ್ಲುತ್ತಿದ್ದವು, ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಹುಳು ಹಿಡಿದು ಪುಡಿಯಾಗುತ್ತಿದ್ದ ಓಲೆಗಳೆಷ್ಟೋ! ಹಳಕಟ್ಟಿಯವರು ಊರೂರು ಅಲೆದರು; ಕೊಟ್ಟವರಿಂದ ಪಡೆದರು, ಕೊಡಲೊಪ್ಪದವರಲ್ಲಿ ಪ್ರತಿ ಮಾಡಿಕೊಂಡರು. ಹೀಗೆ ಅವರು ಕೂಡಿಹಾಕಿದ ಕಟ್ಟುಗಳ ಸಂಖ್ಯೆ ಸಾವಿರವನ್ನು ಮೀರಿತೆಂದು ಹೇಳುತ್ತಾರೆ. ಅದುವರೆಗೆ ವಿದ್ವಾಂಸರಿಗೆ ಸುಮಾರು 50 ವಚನಕಾರರ ಹೆಸರು ತಿಳಿದಿದ್ದರೆ, ಇವರ ಶೋಧನೆಯಿಂದ ಆ ಸಂಖ್ಯೆ 250ರ ಹತ್ತಿರಕ್ಕೆ ಏರಿತು.

ಓಲೆಯನ್ನು ಓದುವುದು ಸುಲಭದ ಮಾತಲ್ಲ. ಕಂಠದಿಂದ ಕೊರೆದ ಅಕ್ಷರಕ್ಕೆ ಮಸಿ ತೀಡಿದಲ್ಲದೆ ಅದು ಕಣ್ಣಿಗೆ ಕಾಣದು. ಪದಕ್ಕೂ ಪದಕ್ಕೂ ನಡುವೆ ತೆರಪಿಲ್ಲ. ಒಂದು ಪ್ರತಿಯ ಪಾಠ ಇನ್ನೊಂದರಲ್ಲಿಲ್ಲ. ಇಂಥ ಕೆಲಸದಲ್ಲಿ ಅವರಿಗೆ ಬೇಸರ ಹುಟ್ಟಲಿಲ್ಲವೆಂಬುದೇ ನನಗೆ ಮಹತ್ತಾಗಿ ಕಾಣುತ್ತದೆ. ಹಳೆಯ ಉದ್ಯೋಗದಲ್ಲಿ ಕಲಿತದ್ದು ಇಲ್ಲಿ ಒದಗಿಬಂದಿರಬೇಕು. ಸಾಕ್ಷಿಗೆ ಸಾಕ್ಷಿಯನ್ನು ಹೋಲಿಸಿ, ಕಾಗದಪತ್ರವನ್ನು ಸಾಲುಸಾಲಾಗಿ ಶೋಧಿಸಿ ನಿರ್ಣಯಕ್ಕೆ ಬರುವ ಅಭ್ಯಾಸವು ವಕೀಲರಿಗೆ ಮೊದಲೇ ಇತ್ತು. ನ್ಯಾಯಾಲಯದಲ್ಲಿ ಕಕ್ಷಿದಾರನಿಗಾಗಿ ನಡೆಯುತ್ತಿದ್ದ ಆ ದುಡಿಮೆಯು ಈಗ ಶರಣರ ಸಲುವಾಗಿ ನಡೆಯಿತು. ಕಾಯಕದಲ್ಲಿ ತೊಡಗಿದವನು ಉಳಿದುದನ್ನು ಮರೆಯುವನೆಂಬುದನ್ನು ಅವರ ದಿನಚರಿಯಲ್ಲಿಯೇ ಕಾಣಬಹುದಿತ್ತು. ವಕೀಲಿ ಕ್ರಮೇಣ ಹಿಂದೆ ಸರಿಯಿತು.

ವಚನಶಾಸ್ತ್ರಸಾರದ ಮೊದಲ ಭಾಗವು ಸಿದ್ಧವಾದಾಗ ಮಂಗಳೂರಿನ ಮುದ್ರಣಾಲಯವೊಂದು ಹಸ್ತಪ್ರತಿಯನ್ನು ಅಚ್ಚು ಮಾಡದೆ ಹಿಂದಿರುಗಿಸಿತು. ಕಡೆಗೆ ಬೆಳಗಾವಿಯಲ್ಲಿ 1923ರಲ್ಲಿ ಗ್ರಂಥವು ಹೊರಬಂದಿತು. ಅನ್ಯರ ಅಚ್ಚುಕೂಟವನ್ನು ನಂಬಿದರೆ ಈ ಕಾರ್ಯ ಸಾಗದೆಂದು ಮನಗಂಡು, ತಮ್ಮ ಮನೆಯನ್ನು ಮಾರಿ, 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ 'ಶಿವಾನುಭವ' ಪತ್ರಿಕೆಯೂ, 1927ರಲ್ಲಿ 'ನವಕರ್ನಾಟಕ' ವಾರಪತ್ರಿಕೆಯೂ ಹೊರಟವು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ದೊರೆಯಿತು. ಮನೆಯಿಲ್ಲದವರಿಗೆ ನಾಡು ಪೀಠವಿತ್ತಿತು!

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ಮಾರಿದ ಮನೆಯಲ್ಲಿ ಅವರೊಬ್ಬರೇ ಇರಲಿಲ್ಲ. ಅವರ ಪತ್ನಿ ಭಾಗೀರಥಿಯವರಿದ್ದರು, ಸಂಸಾರವಿತ್ತು. ಯಜಮಾನರಿಗೆ ಓಲೆಯೊಳಗೆ ದೊರೆತ ಆನಂದದ ಬೆಲೆಯನ್ನು ಆ ಸಂಸಾರವೂ ತೆತ್ತಿತು. ದಾಸೋಹವೆಂದರೆ ಇದೂ ದಾಸೋಹವೇ ಸರಿ, ಆದರೆ ಅದನ್ನು ಮಾಡಿದವರ ಹೆಸರು ಯಾವ ಮುಖಪುಟದಲ್ಲಿಯೂ ಅಚ್ಚಾಗಲಿಲ್ಲ. ಹಳಕಟ್ಟಿಯವರನ್ನು ಸ್ಮರಿಸುವ ಗೃಹಸ್ಥರು ಇದನ್ನೂ ಸ್ಮರಿಸಬೇಕು.

ಅವರ ಸಂಪಾದನೆಯಲ್ಲಿ ದೋಷಗಳಿರಲಿಲ್ಲವೆಂದಲ್ಲ. ಅವರು ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿದ ಕ್ರಮವನ್ನೂ, ಕೆಲವು ಪಾಠಗಳನ್ನೂ ಮುಂದಿನ ವಿದ್ವಾಂಸರು ತಿದ್ದಿದರು. ತಿದ್ದಲು ಕೈಯಲ್ಲಿ ಗ್ರಂಥವಿದ್ದುದು ಮಾತ್ರ ಇವರ ದೆಸೆಯಿಂದ. ಶೂನ್ಯಸಂಪಾದನೆಯನ್ನೂ ಹರಿಹರನ ರಗಳೆಗಳನ್ನೂ ಅವರೇ ಪ್ರಕಟಿಸಿದರು. 'ಶಿವಾನುಭವ'ವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಜನರು ಅದಕ್ಕಿಂತ ಹೆಚ್ಚಾಗಿ ವಚನ ಪಿತಾಮಹರೆಂದು ಕರೆದರು.

1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಇನ್ನು ಮೂರೇ ದಿನಗಳಿರುವಾಗ, ಅವರು ತಮ್ಮ ಕಾಯಕದ ಊರಾದ ಬಿಜಾಪುರದಲ್ಲಿಯೇ ಲಿಂಗೈಕ್ಯರಾದರು.