ಯಾರೂ ಬೇಡದ ಪರೀಕ್ಷೆಗೆ ಎರಡು ಸಲ ಕುಳಿತ ಮೋಹನದಾಸ

ಪ್ರತಿ ವರ್ಷ ಕಾನೂನು ಪ್ರವೇಶ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮ ವಿಭಾಗದ ಬಾಗಿಲಿನವರೆಗೆ ಬಂದು, ಒಳಗೆ ಬಾರದೆ ಹಿಂದಿರುಗುವ ವಿದ್ಯಾರ್ಥಿಗಳಿರುತ್ತಾರೆ. ಕೆಲವರು ಮತ್ತೆ ಬರೆಯುತ್ತಾರೆ. ಕೆಲವರು ಆ ಮಾತನ್ನೇ ಎತ್ತುವುದಿಲ್ಲ. ಅವರನ್ನು ಕಂಡಾಗಲೆಲ್ಲ ನನಗೆ ನೆನಪಾಗುವವನು ನೋಟಿನ ಮೇಲೆ ನಗುವ ಮುದುಕನಲ್ಲ, ಲಂಡನ್ನಿನ ಬಾಡಿಗೆಯ ಕೋಣೆಯಲ್ಲಿ ಲ್ಯಾಟಿನ್ ವ್ಯಾಕರಣವನ್ನು ಎದುರಿಗಿಟ್ಟುಕೊಂಡು ಕುಳಿತ ಇಪ್ಪತ್ತು ವರ್ಷದ ತರುಣ. ಗಾಂಧೀಜಿಯವರ ಬಾಳಿನಲ್ಲಿ ದಂಡಿಗೂ ಚಂಪಾರಣ್ಯಕ್ಕೂ ದೊರೆತ ಜಾಗ ಈ ಕೋಣೆಗೆ ದೊರೆತಿಲ್ಲ.

ಮೋಹನದಾಸರು ಶಾಲೆಯಲ್ಲಿ ಸಾಧಾರಣ ವಿದ್ಯಾರ್ಥಿ. ಆರನೆಯ ಇಯತ್ತೆಯಲ್ಲಿ ಸಂಸ್ಕೃತ ಕಠಿಣವೆನಿಸಿದಾಗ, ಫಾರಸಿ ಸುಲಭ, ಅದರ ಮಾಸ್ತರರೂ ಮೃದು ಎಂಬ ಮಾತು ಕೇಳಿ ಫಾರಸಿ ವರ್ಗಕ್ಕೆ ಹೋಗಿ ಕುಳಿತಿದ್ದರು. ಸಂಸ್ಕೃತದ ಗುರುಗಳಾದ ಕೃಷ್ಣಶಂಕರ ಪಂಡ್ಯರು ಕರೆದು ನೊಂದುಕೊಂಡು ಹೇಳಿದ ಮೇಲೆ ನಾಚಿಕೊಂಡು ಹಿಂದಿರುಗಿದರು. ಈ ಸಂಗತಿಯನ್ನು ನಾನು ಮೊದಲು ಓದಿದ್ದು ಮರಾಠಿ ಪಾಠಪುಸ್ತಕದಲ್ಲಿ. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು ಮರಾಠಿ ಹೈಸ್ಕೂಲಿನ ಬೆಂಚಿನ ಮೇಲೆ ಅಂಜುತ್ತ ಕುಳಿತಿದ್ದ ನನಗೆ, ಭಾಷೆಯೊಂದಕ್ಕೆ ಹೆದರಿ ಓಡಿದ ಹುಡುಗ ಬಹಳ ಹತ್ತಿರದವನಾಗಿ ಕಂಡಿದ್ದ.

1887ರಲ್ಲಿ ಅಹಮದಾಬಾದಿನ ಕೇಂದ್ರದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆ ಬರೆದು ಪಾಸಾದರು. ಸೇಕಡಾ ನಲವತ್ತನ್ನೂ ಮುಟ್ಟದ ಗುಣಗಳು. ಭಾವನಗರದ ಸಾಮಳದಾಸ ಕಾಲೇಜಿಗೆ ಸೇರಿದರೆ ಅಲ್ಲಿಯ ಪಾಠ ತಲೆಗೆ ಹತ್ತಲಿಲ್ಲ. ಒಂದು ಸತ್ರ ಮುಗಿಸಿ ಮನೆಗೆ ಬಂದರು. ತಂದೆ ಕರಮಚಂದರು ತೀರಿಕೊಂಡಿದ್ದರು. ದಿವಾನಗಿರಿಯ ಮನೆತನ, ಕೈಯಲ್ಲಿ ಹಣ ಕಡಿಮೆ. ಕುಟುಂಬದ ಹಿತೈಷಿ ಮಾವಜಿ ದವೆ ಲೆಕ್ಕ ಹಾಕಿ ತೋರಿಸಿದರು: ಬಿ.ಎ. ಆಗಲು ನಾಲ್ಕೈದು ವರ್ಷ, ಆ ಮೇಲೆ ಅರವತ್ತು ರೂಪಾಯಿಯ ನೌಕರಿ. ವಿಲಾಯತಿಗೆ ಹೋದರೆ ಮೂರು ವರ್ಷಗಳಲ್ಲಿ ಬ್ಯಾರಿಸ್ಟರ್. ತರುಣನಿಗೆ ವೈದ್ಯನಾಗುವ ಆಸೆಯಿತ್ತು. ಶವವನ್ನು ಕೊಯ್ಯುವ ವಿದ್ಯೆ ವೈಷ್ಣವರಿಗೆ ಸಲ್ಲದೆಂದು ಅಣ್ಣ ಅದನ್ನು ತಡೆದರು. ಪೋರಬಂದರದ ಆಡಳಿತಾಧಿಕಾರಿ ಲೇಲಿ ಸಾಹೇಬರ ಬಳಿ ಸಹಾಯ ಕೇಳಲು ಹೋದರೆ, ಮೊದಲು ಬಿ.ಎ. ಮುಗಿಸಿ ಬಾ ಎಂದು ಮೆಟ್ಟಿಲ ಮೇಲೆಯೇ ಹೇಳಿ ಅವರು ಹೊರಟುಹೋದರು. ಆ ಮಾತು ಮನಸ್ಸಿನಲ್ಲಿ ಚುಚ್ಚಿಕೊಂಡೇ ಉಳಿಯಿತು.

ಮದ್ಯ, ಮಾಂಸ, ಪರಸ್ತ್ರೀ ಮೂರನ್ನೂ ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ವ್ರತ ಹಿಡಿದು, ಜಾತಿಯಿಂದ ಬಹಿಷ್ಕಾರ ಹೊತ್ತು, ಹೆಂಡತಿಯನ್ನೂ ಎಳೆಯ ಮಗುವನ್ನೂ ಬಿಟ್ಟು, 1888ರ ಸೆಪ್ಟೆಂಬರ್ 4ರಂದು ಮುಂಬಯಿಯಿಂದ ಹಡಗು ಹತ್ತಿದರು. ಖರ್ಚಿನ ಭಾರ ಅಣ್ಣ ಲಕ್ಷ್ಮೀದಾಸರ ತಲೆಯ ಮೇಲೆ. ನವೆಂಬರ್ 6ರಂದು ಇನ್ನರ್ ಟೆಂಪಲ್ ಎಂಬ ವಕೀಲರ ಸಂಘದಲ್ಲಿ ಹೆಸರು ದಾಖಲಾಯಿತು. ಮೊದಮೊದಲು ಆಂಗ್ಲ ಸಭ್ಯಸ್ಥನಾಗುವ ಹುಚ್ಚು ಹಿಡಿದು ಉದ್ದ ಟೋಪಿ, ನೃತ್ಯದ ಪಾಠ, ಪಿಟೀಲು, ಭಾಷಣ ಕಲೆ ಎಂದು ಹಣ ಸುರಿದರು. ಆ ಕಥೆ ಎಲ್ಲರಿಗೂ ಗೊತ್ತು.

ಆ ಕಾಲದಲ್ಲಿ ಬ್ಯಾರಿಸ್ಟರ್ ಆಗುವ ಕ್ರಮ ಇಂದಿನ ವಿದ್ಯಾರ್ಥಿಗೆ ನಗು ತರಿಸೀತು. ಬೇಕಾದುದು ಎರಡು: ಹನ್ನೆರಡು ಸತ್ರಗಳನ್ನು ಪೂರೈಸುವುದು, ಪರೀಕ್ಷೆ ಪಾಸಾಗುವುದು. ಸತ್ರ ಪೂರೈಸುವುದೆಂದರೆ ಊಟ ಮಾಡುವುದು! ಪ್ರತಿ ಸತ್ರದಲ್ಲಿ ಸುಮಾರು ಇಪ್ಪತ್ತನಾಲ್ಕು ಭೋಜನಗಳು ನಡೆಯುತ್ತಿದ್ದವು. ಅವುಗಳಲ್ಲಿ ಆರಕ್ಕಾದರೂ ನಿಲುವಂಗಿ ತೊಟ್ಟು ಹಾಜರಿರಬೇಕು. ನಾಲ್ವರ ಗುಂಪಿಗೆ ಎರಡು ಬಾಟಲಿ ದ್ರಾಕ್ಷಾಮದ್ಯ ಕೊಡುತ್ತಿದ್ದರು. ಕುಡಿಯದ ಮೋಹನದಾಸರು ತಮ್ಮ ಮೇಜಿಗೆ ಬಂದರೆ ಉಳಿದ ಮೂವರಿಗೆ ಅಷ್ಟು ಹೆಚ್ಚು. ಆದ್ದರಿಂದ ಊಟದ ಸಾಲಿನಲ್ಲಿ ಅವರಿಗೆ ಬಹಳ ಬೇಡಿಕೆ. ಪರೀಕ್ಷೆಗಳೂ ಕಷ್ಟದವಲ್ಲ. ರೋಮನ್ ಕಾಯಿದೆಯ ಪತ್ರಿಕೆಗೆ ಎರಡು ವಾರ ಟಿಪ್ಪಣಿ ಓದಿದರೆ ಸಾಕು, ಇಂಗ್ಲೆಂಡಿನ ಕಾಯಿದೆಗೆ ಎರಡು ಮೂರು ತಿಂಗಳು. ರೋಮನ್ ಕಾಯಿದೆಯಲ್ಲಿ ನಪಾಸಾಗುವವರು ನೂರಕ್ಕೆ ಐದು ಜನರೂ ಇರುತ್ತಿರಲಿಲ್ಲ. ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ. ಒಮ್ಮೆ ತಪ್ಪಿದರೆ ಮತ್ತೊಮ್ಮೆ.

ಹೀಗಾಗಿ ಕೈಯಲ್ಲಿ ಬೇಕಾದಷ್ಟು ವೇಳೆ ಇತ್ತು. ತಮ್ಮ ಇಂಗ್ಲಿಷ್ ಬಲವಾಗಿಲ್ಲವೆಂಬ ಅಳುಕೂ ಇತ್ತು, ಲೇಲಿ ಸಾಹೇಬರ ಮಾತೂ ಕಿವಿಯಲ್ಲಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ವಿಚಾರ ಮಾಡಿದರು. ಅಲ್ಲಿಯ ಖರ್ಚು ಹೆಚ್ಚು, ಅವಧಿಯೂ ದೀರ್ಘ. ನಿಜವಾಗಿ ಕಷ್ಟದ ಪರೀಕ್ಷೆಯನ್ನೇ ಪಾಸಾಗಬೇಕೆಂದಿದ್ದರೆ ಲಂಡನ್ ಮ್ಯಾಟ್ರಿಕ್ಯುಲೇಶನ್‌ಗೆ ಕೂಡು ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಶ್ರಮ ಬಹಳ, ಖರ್ಚು ಅಲ್ಪ. ಪಠ್ಯಕ್ರಮ ನೋಡಿ ಮೋಹನದಾಸರು ಬೆದರಿದರು: ಲ್ಯಾಟಿನ್ ಕಡ್ಡಾಯ, ಜೊತೆಗೆ ಆಧುನಿಕ ಭಾಷೆಯೊಂದು. ಲ್ಯಾಟಿನ್ ಬಂದರೆ ಕಾನೂನಿನ ಗ್ರಂಥಗಳು ಸುಲಭವಾಗುತ್ತವೆ, ಇಂಗ್ಲಿಷಿನ ಮೇಲೂ ಹಿಡಿತ ಬರುತ್ತದೆ ಎಂಬ ಸ್ನೇಹಿತರ ವಾದಕ್ಕೆ ಒಪ್ಪಿದರು. ಬ್ಯಾರಿಸ್ಟರ್ ಆಗಲು ಈ ಪರೀಕ್ಷೆಯ ಅಗತ್ಯವೇ ಇರಲಿಲ್ಲ, ಇನ್ನರ್ ಟೆಂಪಲ್‌ನಲ್ಲಿ ದಾಖಲೆ ಆಗಲೇ ಆಗಿಹೋಗಿತ್ತು ಎಂಬುದನ್ನು ಇಲ್ಲಿ ಮರೆಯಬಾರದು.

ಉಳಿದದ್ದು ಐದು ತಿಂಗಳು. ಖಾಸಗಿ ಮ್ಯಾಟ್ರಿಕ್ ವರ್ಗವೊಂದಕ್ಕೆ ಸೇರಿದರು. ಆಧುನಿಕ ಭಾಷೆಯೆಂದು ಮೊದಲೇ ತೊಡಗಿದ್ದ ಫ್ರೆಂಚನ್ನು ಮುಂದುವರಿಸಿದರು. ವಿಜ್ಞಾನಕ್ಕೆ ರಸಾಯನಶಾಸ್ತ್ರ ತೆಗೆದುಕೊಂಡರು. ಆಂಗ್ಲ ಸಭ್ಯಸ್ಥನ ಸೋಗು ಬಿಟ್ಟು ಗಂಭೀರ ವಿದ್ಯಾರ್ಥಿಯಾಗಿ, ನಿಮಿಷ ನಿಮಿಷಕ್ಕೂ ವೇಳಾಪಟ್ಟಿ ಬರೆದುಕೊಂಡು ಓದಿದರು. ಆದರೆ ಬೇರೆ ವಿಷಯಗಳ ಜೊತೆ ಎರಡು ಪರಭಾಷೆಗಳನ್ನು ಐದು ತಿಂಗಳಲ್ಲಿ ನುಂಗುವುದು ಅವರ ಶಕ್ತಿಗೆ ಮೀರಿತ್ತು. ನಾಮಪದಗಳಿಗೆ ವಿಭಕ್ತಿ, ಕ್ರಿಯಾಪದಗಳಿಗೆ ಹತ್ತಾರು ರೂಪ, ಸಂಸ್ಕೃತದಂತೆಯೇ ಪ್ರತ್ಯಯಗಳ ಕಾಡು. 1890ರ ಜನವರಿಯಲ್ಲಿ ಪರೀಕ್ಷೆ ಬರೆದರು. ಲ್ಯಾಟಿನ್‌ನಲ್ಲಿ ನಪಾಸು.

ಬೇಸರವಾಯಿತು, ಆದರೆ ಎದೆಗುಂದಲಿಲ್ಲ. ಆತ್ಮಕಥೆಯಲ್ಲಿ ಈ ಸೋಲಿಗೆ ಅವರು ಕೊಟ್ಟಿರುವುದು ಬಹಳ ಸ್ವಲ್ಪ ಜಾಗ. ಅಷ್ಟು ಹೊತ್ತಿಗೆ ಲ್ಯಾಟಿನ್ ರುಚಿ ಹತ್ತಿತ್ತು ಎನ್ನುತ್ತಾರೆ. ಎರಡನೆಯ ಸಲ ಹೇಗೆ ಸಿದ್ಧರಾದರೆಂಬುದನ್ನು ಮಾತ್ರ ನಮ್ಮ ವಿದ್ಯಾರ್ಥಿಗಳು ಸ್ವಲ್ಪ ನಿಂತು ನೋಡಬೇಕು. ಮರುಪರೀಕ್ಷೆಯೆಂದರೆ ಹಳೆಯ ಪುಸ್ತಕವನ್ನೇ ಇನ್ನೊಮ್ಮೆ ಮಗುಚುವುದೆಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಮೋಹನದಾಸರು ಹಾಗೆ ಮಾಡಲಿಲ್ಲ. ಸೋತದ್ದು ಲ್ಯಾಟಿನ್‌ನಲ್ಲಾದರೂ ಬದಲಾಯಿಸಿದ್ದು ವಿಜ್ಞಾನವನ್ನು. ಪ್ರಯೋಗಗಳಿಲ್ಲದೆ ಬರಿಯ ಪುಸ್ತಕದಿಂದ ಓದುತ್ತಿದ್ದ ರಸಾಯನಶಾಸ್ತ್ರದಲ್ಲಿ ಅವರಿಗೆ ಆಸಕ್ತಿ ಹುಟ್ಟಿರಲಿಲ್ಲ. ಅದನ್ನು ಬಿಟ್ಟು ಉಷ್ಣ ಮತ್ತು ಬೆಳಕು ಎಂಬ ವಿಷಯ ಆರಿಸಿಕೊಂಡರು. ಅದು ಸುಲಭವೆಂದು ಕೇಳಿದ್ದರು, ಸುಲಭವಾಗಿಯೇ ಇತ್ತು. ಉಳಿದ ವೇಳೆಯೆಲ್ಲ ಭಾಷೆಗಳ ಪಾಲಾಯಿತು.

ಇನ್ನೊಂದು ಬದಲಾವಣೆ ಪುಸ್ತಕದ ಹೊರಗಿನದು. ಅಣ್ಣ ಊರಿನಲ್ಲಿ ಹೆಣಗಾಡಿ ಹಣ ಕಳಿಸುತ್ತಿರುವಾಗ ತಮ್ಮ ಜೀವನ ಮನೆತನದ ಸ್ಥಿತಿಗೆ ಒಪ್ಪುವಂತಿಲ್ಲವೆಂದು ಅವರಿಗೆ ಕಂಡಿತು. ವಾರಕ್ಕೆ ಎರಡು ಶಿಲಿಂಗ್ ಬಾಡಿಗೆಯ ಕೋಣೆಯಲ್ಲಿದ್ದು ಅಗ್ಗದ ಕೋಕೋ, ರೊಟ್ಟಿಯ ಮೇಲೆ ದಿನ ಕಳೆಯುವ ಬಡ ವಿದ್ಯಾರ್ಥಿಯೊಬ್ಬನ ಪರಿಚಯವೂ ಆಗಿತ್ತು. ತಮ್ಮ ಎರಡು ಕೋಣೆಗಳನ್ನು ಬಿಟ್ಟು ಒಂದೇ ಕೋಣೆ ಹಿಡಿದರು. ಒಲೆಯೊಂದನ್ನು ತಂದು ಬೆಳಗಿನ ಓಟಿನ ಗಂಜಿಯನ್ನು ತಾವೇ ಕಾಯಿಸಿಕೊಂಡರು. ಅದಕ್ಕೆ ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು. ಮಧ್ಯಾಹ್ನ ಹೊರಗಿನ ಊಟ, ರಾತ್ರಿ ಬ್ರೆಡ್ಡು ಕೋಕೋ. ದಿನದ ಖರ್ಚು ಒಂದು ಶಿಲಿಂಗ್ ಮೂರು ಪೆನ್ನಿಗೆ ಇಳಿಯಿತು. ಗಾಡಿಯ ಬಾಡಿಗೆ ಉಳಿಸಲು ದಿನಾಲು ಎಂಟು ಹತ್ತು ಮೈಲಿ ನಡೆಯುವ ರೂಢಿಯೂ ಆಗಿತ್ತು. ಸರಳ ಜೀವನವೆಂಬ ಗಾಂಧಿತತ್ವವನ್ನು ನಾವು ಟಾಲ್‌ಸ್ಟಾಯ್, ರಸ್ಕಿನ್‌ರಿಂದ ಆರಂಭಿಸಿ ವಿವರಿಸುತ್ತೇವೆ. ಅದಕ್ಕೂ ಮೊದಲು ನಪಾಸಾದ ವಿದ್ಯಾರ್ಥಿಯೊಬ್ಬನ ಒಲೆ ಇದೆ ಎಂಬುದು ನನ್ನ ಅಭಿಪ್ರಾಯ.

1890ರ ಜೂನ್‌ನಲ್ಲಿ ಮತ್ತೆ ಕುಳಿತರು, ಪಾಸಾದರು.

ಈ ಓದಿನ ಅಭ್ಯಾಸ ಕಾನೂನಿನ ಪರೀಕ್ಷೆಗಳಿಗೂ ಸಾಗಿತು. ಎಲ್ಲರೂ ಟಿಪ್ಪಣಿಗಳನ್ನು ನೆಚ್ಚಿಕೊಂಡಿದ್ದಾಗ ಮೋಹನದಾಸರು ಮೂಲ ಗ್ರಂಥಗಳನ್ನೇ ಓದುವ ನಿಶ್ಚಯ ಮಾಡಿದರು. ದುಡ್ಡು ಕೊಟ್ಟು ತಂದ ಪುಸ್ತಕವನ್ನು ಓದದಿರುವುದು ಮೋಸವೆಂದು ಅವರ ಎಣಿಕೆ. ಆರನೆಯ ಶತಮಾನದ ಚಕ್ರವರ್ತಿ ಜಸ್ಟಿನಿಯನ್ ಕ್ರೋಡೀಕರಿಸಿದ ರೋಮನ್ ಕಾಯಿದೆಯನ್ನು ಲ್ಯಾಟಿನ್‌ನಲ್ಲಿಯೇ ಓದಿದರು. ಇಂಗ್ಲೆಂಡಿನ ಕಾಯಿದೆಗೆ ಒಂಬತ್ತು ತಿಂಗಳು ದುಡಿದರು: ಬ್ರೂಮ್‌ರ ದಪ್ಪ ಗ್ರಂಥ, ಸ್ನೆಲ್‌ರ ಈಕ್ವಿಟಿ, ಜೊತೆಗೆ ಮೇನ್‌ರ ಹಿಂದೂ ಕಾಯಿದೆ. 1891ರ ಜೂನ್ 10ರಂದು ಬ್ಯಾರಿಸ್ಟರ್ ಎನಿಸಿಕೊಂಡರು, 11ರಂದು ಹೈಕೋರ್ಟಿನಲ್ಲಿ ಹೆಸರು ನೋಂದಿಸಿದರು, 12ರಂದು ಹಡಗು ಹತ್ತಿದರು. ಮನೆಗೆ ಬಂದಾಗ ತಾಯಿ ತೀರಿಕೊಂಡ ಸುದ್ದಿ ಕಾದಿತ್ತು.

ಮುಂಬಯಿಯಲ್ಲಿ ನಡೆದದ್ದು ಇನ್ನೂ ಕಹಿ. ಸಣ್ಣ ದಾವೆಗಳ ಕೋರ್ಟಿನಲ್ಲಿ ಮಮೀಬಾಯಿ ಎಂಬಾಕೆಯ ಪರವಾಗಿ ಮೊದಲ ಖಟ್ಲೆ. ಫೀ ಮೂವತ್ತು ರೂಪಾಯಿ. ಪಾಟಿಸವಾಲಿಗೆ ಎದ್ದು ನಿಂತವರಿಗೆ ತಲೆ ಸುತ್ತಿ ಬಂದು ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಫೀ ಮರಳಿಸಿ ಕೋರ್ಟಿನಿಂದ ಹೊರಬಿದ್ದರು. ಆಗ ಹೈಸ್ಕೂಲೊಂದರ ಜಾಹೀರಾತು ಕಣ್ಣಿಗೆ ಬಿತ್ತು: ದಿನಕ್ಕೆ ಒಂದು ತಾಸು ಇಂಗ್ಲಿಷ್ ಕಲಿಸಲು ಶಿಕ್ಷಕರು ಬೇಕು, ಸಂಬಳ ಎಪ್ಪತ್ತೈದು ರೂಪಾಯಿ. ಅರ್ಜಿ ಹಾಕಿದರು, ಸಂದರ್ಶನಕ್ಕೂ ಕರೆ ಬಂತು. ಅಭ್ಯರ್ಥಿ ಪದವೀಧರನಲ್ಲವೆಂದು ತಿಳಿದ ಕೂಡಲೇ ಮುಖ್ಯಾಧ್ಯಾಪಕರು ವಿಷಾದದಿಂದ ಇಲ್ಲವೆಂದರು. ಲ್ಯಾಟಿನ್ ಸಹಿತ ಲಂಡನ್ ಮ್ಯಾಟ್ರಿಕ್ ಪಾಸಾಗಿದ್ದೇನೆಂದು ಮೋಹನದಾಸರು ತಿಳಿಸಿ ನೋಡಿದರು. ಅವರಿಗೆ ಬೇಕಾಗಿದ್ದುದು ಬಿ.ಎ. ಹತಾಶೆಯಿಂದ ಕೈ ಹಿಸುಕಿಕೊಂಡು ಹಿಂದಿರುಗಿದರು. ಎರಡು ಸಲ ಕುಳಿತು ಗಳಿಸಿದ ಆ ಪ್ರಮಾಣಪತ್ರವನ್ನು ಅವರು ಒಬ್ಬರ ಮುಂದೆ ಮುಂದಿಟ್ಟ ಪ್ರಸಂಗ ಆತ್ಮಕಥೆಯಲ್ಲಿ ಇದೊಂದೇ, ಅದೂ ಫಲಿಸಲಿಲ್ಲ. ಶಿಕ್ಷಕನಾಗಿ ಈ ಪ್ರಸಂಗವನ್ನು ಓದುವಾಗ ನನಗೆ ಆ ಮುಖ್ಯಾಧ್ಯಾಪಕರ ಮೇಲೆ ಸಿಟ್ಟು ಬರುವುದಿಲ್ಲ. ನಿಯಮ ಅವರ ಕೈ ಕಟ್ಟಿತ್ತು, ನಮ್ಮ ಕೈಯನ್ನೂ ಕಟ್ಟಿರುತ್ತದೆ.

ರಾಜಕೋಟಕ್ಕೆ ಹೋಗಿ ಅರ್ಜಿ, ಮನವಿ ಬರೆಯುತ್ತ ತಿಂಗಳಿಗೆ ಮುನ್ನೂರು ರೂಪಾಯಿಯಷ್ಟು ಗಳಿಸತೊಡಗಿದರು. 1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ದಾವೆಯ ನಿಮಿತ್ತ ಒಂದು ವರ್ಷಕ್ಕೆಂದು ದಕ್ಷಿಣ ಆಫ್ರಿಕಕ್ಕೆ ಹೊರಟರು. ಅಲ್ಲಿ ಡಚ್ಚರು ತಂದ ರೋಮನ್-ಡಚ್ ಕಾಯಿದೆ ಜಾರಿಯಲ್ಲಿತ್ತು. ಅದರ ಬೇರು ಜಸ್ಟಿನಿಯನ್ನನಲ್ಲಿ. ಪ್ರಮಾಣಪತ್ರ ಕೊಡಿಸದ ನೌಕರಿಯ ಮಾತು ಅಲ್ಲಿಗಿರಲಿ, ಆ ಕಾಯಿದೆಯನ್ನು ತಿಳಿಯಲು ನೆರವಾದದ್ದು ಮುಂಜಾನೆಯ ಗಂಜಿಯ ಜೊತೆ ಕಲಿತ ಲ್ಯಾಟಿನ್ ಎಂದು ಗಾಂಧೀಜಿಯವರೇ ಒಪ್ಪಿಕೊಂಡಿದ್ದಾರೆ. ದಾವೆಯೆಲ್ಲ ಲೆಕ್ಕಪತ್ರದ್ದು; ಪಿ. ನೋಟು ಎಂದರೇನೆಂದೂ ಅವರಿಗೆ ಗೊತ್ತಿರಲಿಲ್ಲ. ಗುಮಾಸ್ತನನ್ನು ಕೇಳಿ ಪ್ರಾಮಿಸರಿ ನೋಟೆಂದು ತಿಳಿದುಕೊಂಡರು. ಜಮಾಖರ್ಚಿನ ಪುಸ್ತಕ ಕೊಂಡು ತಂದು ಮೊದಲಿನಿಂದ ಓದಿದರು. ನಲವತ್ತು ಸಾವಿರ ಪೌಂಡಿನ ಆ ದಾವೆಯನ್ನು ಕೊನೆಗೆ ಪಂಚರ ಮುಂದಿಟ್ಟು, ಸೋತವರು ದಿವಾಳಿಯಾಗದಂತೆ ಕಂತುಗಳ ಏರ್ಪಾಟು ಮಾಡಿಸಿ ಮುಗಿಸಿದರು. ಕೋರ್ಟಿನಲ್ಲಿ ಬಾಯಿ ಬಾರದವರು ಇಬ್ಬರು ವ್ಯಾಪಾರಿಗಳನ್ನು ಕೂಡಿಸಿದರು.

ಮುಂದಿನ ಮೂವತ್ತು ವರ್ಷಗಳನ್ನು ಓದುಗರು ಬಲ್ಲರು. 1922ರ ಮಾರ್ಚ್‌ನಲ್ಲಿ ಅಹಮದಾಬಾದಿನ ನ್ಯಾಯಾಲಯ ಅವರಿಗೆ ಆರು ವರ್ಷದ ಶಿಕ್ಷೆ ವಿಧಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಇನ್ನರ್ ಟೆಂಪಲ್ ತನ್ನ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿತು. ಅದು ಮತ್ತೆ ಸೇರಿದ್ದು 1988ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ. ಹೆಸರು ಹೋದ ಆ ದಿನಗಳಲ್ಲಿ ಐವತ್ಮೂರು ವಯಸ್ಸಿನ ಗಾಂಧೀಜಿ ಪುಣೆಯ ಯರವಡಾ ಜೈಲಿನಲ್ಲಿದ್ದರು. ಅಲ್ಲಿಯೂ ಒಂದು ವೇಳಾಪಟ್ಟಿ ಹಾಕಿಕೊಂಡಿದ್ದರು: ದಿನಕ್ಕೆ ಆರು ತಾಸು ಓದುಬರಹ, ನಾಲ್ಕು ತಾಸು ಹಿಂಜುವುದು ಮತ್ತು ನೂಲುವುದು. ಓದಿದ ಪುಸ್ತಕಗಳಲ್ಲಿ ಗಿಬ್ಬನ್ ಬರೆದ ರೋಮ್ ಸಾಮ್ರಾಜ್ಯದ ಪತನದ ಇತಿಹಾಸವೂ ಇತ್ತು. ಉಳಿದ ವೇಳೆಯಲ್ಲಿ ಉರ್ದು, ತಮಿಳುಗಳನ್ನು ಕಲಿಯುತ್ತಿದ್ದರು.