ವ್ಯಾಕರಣಕ್ಕೆ ಫಾರ್ಮುಲಾ ಬರೆದ ಯೆಸ್ಪರ್ಸನ್

ಆಬ್ಜೆಕ್ಟ್ ಕಾಂಪ್ಲಿಮೆಂಟ್ ಅಂದ್ರೆ ನಮಗೆಲ್ಲ ಹೈಸ್ಕೂಲಿನ ಎರಡು ಮಾರ್ಕಿನ ಪ್ರಶ್ನೆ. 'ದೆ ಪೇಂಟೆಡ್ ದ ಡೋರ್ ಗ್ರೀನ್' ಅನ್ನೋ ವಾಕ್ಯದಲ್ಲಿ ಡೋರ್ ಆಬ್ಜೆಕ್ಟ್, ಗ್ರೀನ್ ಅದರ ಕಾಂಪ್ಲಿಮೆಂಟ್. ಅಡಿಗೆರೆ ಎಳೆದರೆ ಮುಗೀತು. ಆ ಎರಡು ಪದಗಳ ನಡುವೆ ನಿಜವಾಗಿ ಏನು ನಡೀತಿದೆ ಅಂತ ಆಳವಾಗಿ ಯೋಚಿಸಿದವರಲ್ಲಿ ಒಬ್ಬರು ಡೆನ್ಮಾರ್ಕಿನ ಒಟ್ಟೊ ಯೆಸ್ಪರ್ಸನ್. (ಸ್ಪೆಲಿಂಗ್ 'ಜೆ'ಯಿಂದ ಶುರು, ಆದ್ರೆ ಅಲ್ಲಿ ಅದನ್ನ 'ಯ' ಅಂತಾರೆ.) ಇಂಗ್ಲಿಷ್ ಅವರಿಗೂ ಮನೆಮಾತಲ್ಲ, ನಮ್ಮ ಹಾಗೇ ಕಲಿತದ್ದು.

ಹುಟ್ಟಿದ್ದು 1860ರಲ್ಲಿ, ರಾಂಡರ್ಸ್ ಅನ್ನೋ ಊರಲ್ಲಿ. ಬಾಲ್ಯದಲ್ಲೇ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಮನೆತನದ ದಾರಿ ಕಾನೂನು, ಹಾಗಾಗಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಕಾನೂನಿಗೇ ಸೇರಿದರು. ಮನೆಯವರ ಬ್ರಾಂಚ್ ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದ್ರೆ ಹುಡುಗನಾಗಿದ್ದಾಗಲೇ ರಾಸ್ಮುಸ್ ರಾಸ್ಕ್ ಬರೆದ ವ್ಯಾಕರಣಗಳನ್ನು ಓದಿ ಹಚ್ಚಿಕೊಂಡಿದ್ದ ಹುಚ್ಚು ಬಿಡಲಿಲ್ಲ. ಕೆಲವು ವರ್ಷಗಳಲ್ಲಿ ಕಾನೂನು ಬಿಟ್ಟು ಭಾಷೆಗಳ ಕಡೆ ಬಂದರು. ಹೊಟ್ಟೆಪಾಡಿಗೆ ಸಂಸತ್ತಿನಲ್ಲಿ ಶೀಘ್ರಲಿಪಿ ಬರೆಯುವ ಕೆಲಸ. 1893ರಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿ, 1925ರವರೆಗೆ ಅಲ್ಲೇ ಪಾಠ ಮಾಡಿದರು.

ನಮಗೆ ಬೇಕಾದ ವಿಷಯ ಅವರ 1924ರ 'ದ ಫಿಲಾಸಫಿ ಆಫ್ ಗ್ರಾಮರ್' ಪುಸ್ತಕದಲ್ಲಿದೆ. 'ದ ಗ್ರೀನ್ ಡೋರ್' ಅಂದ್ರೆ ಬಾಗಿಲು ಮೊದಲೇ ಹಸಿರು, ಅದು ಬರೀ ಹೆಸರು. 'ಪೇಂಟೆಡ್ ದ ಡೋರ್ ಗ್ರೀನ್' ಅಂದಾಗ ಬಾಗಿಲು ಹಸಿರಾಯ್ತು ಅನ್ನೋ ಒಂದು ಪುಟ್ಟ ವಾಕ್ಯವೇ ಒಳಗೆ ಕೂತಿದೆ. ಈ ಎರಡನೇ ಥರದ ಸಂಬಂಧಕ್ಕೆ ಅವರು ನೆಕ್ಸಸ್ ಅಂತ ಹೆಸರಿಟ್ಟರು. ಅವರ ವಾದ ಏನಂದ್ರೆ, ಆಬ್ಜೆಕ್ಟ್ ಅನ್ನಿಸಿಕೊಳ್ಳೋದು ಡೋರ್ ಒಂದೇ ಅಲ್ಲ, ಡೋರ್ ಮತ್ತು ಗ್ರೀನ್ ಸೇರಿದ ಇಡೀ ನೆಕ್ಸಸ್. ನಂಬಿಕೆ ಬರದಿದ್ರೆ 'ಹಿ ಶೌಟೆಡ್ ಹಿಮ್‌ಸೆಲ್ಫ್ ಹೋರ್ಸ್' ನೋಡಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಅಂತ ಅರ್ಥ. ಹೋರ್ಸ್ ತೆಗೆದುಬಿಟ್ರೆ 'ಹಿ ಶೌಟೆಡ್ ಹಿಮ್‌ಸೆಲ್ಫ್' ಉಳಿಯುತ್ತೆ, ಅದಕ್ಕೆ ಆ ಅರ್ಥವೇ ಇಲ್ಲ. ಅವನು ತನ್ನನ್ನು ಕೂಗಲಿಲ್ಲವಲ್ಲ!

ಕನ್ನಡದಲ್ಲಿ ಇದು ಇನ್ನೂ ಸಲೀಸಾಗಿ ಕಾಣುತ್ತೆ ಅಂತ ನಮ್ಮ ಅನಿಸಿಕೆ. 'ಆಕೆಯನ್ನು ನಾಯಕಿಯನ್ನಾಗಿ ಮಾಡಿದರು' ಅನ್ನುವಾಗ ಎರಡೂ ಪದಕ್ಕೆ 'ಅನ್ನು' ಹತ್ತಿದೆ, ಜೊತೆಗೆ 'ಆಗಿ' ಬಂದಿದೆ. ಆಕೆ ನಾಯಕಿ ಆದಳು ಅನ್ನೋ ಒಳವಾಕ್ಯದ 'ಆಗು' ಅಲ್ಲೇ ಇಣುಕ್ತಿದೆ.

1937ರಲ್ಲಿ, ಎಪ್ಪತ್ತೇಳರ ಹತ್ತಿರದ ವಯಸ್ಸಲ್ಲಿ, 'ಅನಲಿಟಿಕ್ ಸಿಂಟ್ಯಾಕ್ಸ್' ಪುಸ್ತಕ ತಂದರು. ಅದರಲ್ಲಿ ವಾಕ್ಯಗಳಿಗೆಲ್ಲ ಬೀಜಗಣಿತದ ಥರ ಫಾರ್ಮುಲಾ. ನಮ್ಮ ಬಾಗಿಲಿನ ವಾಕ್ಯವನ್ನು ಆ ರೀತಿ ಬರೆದರೆ ಎಸ್, ವಿ, ಆಮೇಲೆ ಓ. ಓ ಪಕ್ಕ ಬ್ರಾಕೆಟ್, ಅದರೊಳಗೆ ಇನ್ನೊಂದು ಸಬ್ಜೆಕ್ಟ್ ಮತ್ತು ಅದರ ಪ್ರೆಡಿಕೇಟಿವ್. ಫಂಕ್ಷನ್ ಒಳಗೆ ಫಂಕ್ಷನ್ ಬರೆಯೋ ನಮಗೆ ಇದು ಸ್ಕೂಲ್ ಗ್ರಾಮರಿಗಿಂತ ಬೇಗ ಹತ್ತುತ್ತೆ. ಎಲ್ಲ ವ್ಯಾಕರಣಕಾರರೂ ಇದನ್ನ ಒಪ್ಪಿಲ್ಲ, ಪಠ್ಯಗಳಲ್ಲಿ ಇವತ್ತಿಗೂ ಆಬ್ಜೆಕ್ಟ್ ಕಾಂಪ್ಲಿಮೆಂಟೇ ಇದೆ. ಆದ್ರೂ ಮುಂದೆ ಭಾಷಾವಿಜ್ಞಾನಿಗಳು ಸ್ಮಾಲ್ ಕ್ಲಾಸ್ ಅಂತ ಕರೆದದ್ದು ಇದಕ್ಕೆ ತುಂಬ ಹತ್ತಿರ.

ನಡುವೆ 1928ರಲ್ಲಿ ನೋವಿಯಲ್ ಅಂತ ಹೊಸ ವಿಶ್ವಭಾಷೆಯನ್ನೇ ಕಟ್ಟಿದರು, ಅದು ಓಡಲಿಲ್ಲ. ಓಡಿದ್ದು 1909ರಲ್ಲಿ ಶುರುವಾದ ಏಳು ಸಂಪುಟಗಳ ಇಂಗ್ಲಿಷ್ ವ್ಯಾಕರಣ. ಅದು ಮುಗಿಯೋ ಮುಂಚೆ, ಡೆನ್ಮಾರ್ಕ್ ಜರ್ಮನ್ ಸೇನೆಯ ಹಿಡಿತದಲ್ಲಿದ್ದಾಗ, 1943ರ ಏಪ್ರಿಲ್ 30ರಂದು ಯೆಸ್ಪರ್ಸನ್ ತೀರಿಕೊಂಡರು. ಕೊನೆಯ ಸಂಪುಟವನ್ನು ನೀಲ್ಸ್ ಹೈಸ್ಲುಂಡ್ ಪೂರ್ತಿ ಮಾಡಿದರು. ಅದು ಹೊರಬಂದದ್ದು 1949ರಲ್ಲಿ.