ಡಾರ್ವಿನನೂ ಕೃಷ್ಣಕಮಲದ ಬಳ್ಳಿಯೂ

ಡಾರ್ವಿನನ ಹೆಸರೆತ್ತಿದೊಡನೆ ನಮ್ಮಲ್ಲಿ ಬಹುಮಂದಿಗೆ ಮಂಗನ ನೆನಪಾಗುತ್ತದೆ. ಪರೀಕ್ಷೆಯ ದೃಷ್ಟಿಯಿಂದ ವಿಕಾಸವಾದದ ನಾಲ್ಕು ಅಂಶಗಳು ಬಾಯಿಪಾಠವಾಗಿದ್ದರೆ ಸಾಕು. ಆದರೆ ಆ ಮಹಾಶಯನು ತನ್ನ ಬಾಳಿನ ಉತ್ತರಾರ್ಧದ ಎಷ್ಟೋ ದಿನಗಳನ್ನು ಮನೆಯ ಹಿತ್ತಲಿನ ಹೂಬಳ್ಳಿಗಳ ನಡುವೆ ಕಳೆದನು. ಆ ಹಿತ್ತಲಿನ ಡಾರ್ವಿನನನ್ನು ಕುರಿತು ಬರೆಯಬೇಕೆಂಬುದು ನನ್ನ ಬಹುದಿನಗಳ ಆಸೆ.

ಚಾರ್ಲ್ಸ್ ಡಾರ್ವಿನನು 1809ನೆಯ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ವೈದ್ಯವಿದ್ಯೆಗೆಂದು ಎಡಿನ್‌ಬರೋಗೆ ಹೋಗಿ, ಅದು ಒಗ್ಗದೆ ಕೇಂಬ್ರಿಜ್ಜಿನಲ್ಲಿ ಪದವಿ ಪಡೆದು, ಪಾದ್ರಿಯಾಗುವ ಬದಲು ಬೀಗಲ್ ಎಂಬ ಹಡಗನ್ನೇರಿ 1831ರಿಂದ 1836ರವರೆಗೆ ಲೋಕ ಸುತ್ತಿ ಬಂದ ಸಂಗತಿ ಎಲ್ಲ ಪುಸ್ತಕಗಳಲ್ಲಿಯೂ ಇದೆ. ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ.

1839ರ ಜನವರಿಯಲ್ಲಿ ಅವನು ಎಮ್ಮಾ ವೆಜ್‌ವುಡ್ ಎಂಬಾಕೆಯನ್ನು ಮದುವೆಯಾದನು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಆಕೆ ಅವನಿಗೆ ಸೋದರಮಾವನ ಮಗಳು. ನಮ್ಮ ಹಿರಿಯರು ಕೇಳಿದ್ದರೆ ಬಹು ಒಪ್ಪುವ ಸಂಬಂಧವೆಂದು ತಲೆದೂಗುತ್ತಿದ್ದರು. 1842ರಲ್ಲಿ ದಂಪತಿಗಳು ಲಂಡನ್ ನಗರವನ್ನು ಬಿಟ್ಟು ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಯಲ್ಲಿ ನೆಲಸಿದರು. ಹತ್ತು ಮಕ್ಕಳಾದವು. ಅವುಗಳಲ್ಲಿ ಮೂರು ಎಳವೆಯಲ್ಲಿಯೇ ತೀರಿಕೊಂಡವು. 1851ರಲ್ಲಿ ಹತ್ತು ವರ್ಷದ ಮಗಳು ಆನಿ ಸತ್ತಾಗ ತಂದೆಗಾದ ದುಃಖ ಕೊನೆಯವರೆಗೂ ಆರಲಿಲ್ಲ. ಡಾರ್ವಿನನು ತಾನೇ ದೀರ್ಘರೋಗಿ. ಉಳಿದ ಮಕ್ಕಳಲ್ಲಿಯೂ ಕೆಲವರಿಗೆ ಆರೋಗ್ಯ ಸಾಲದು. ತನ್ನ ದೇಹದ ದೋಷವೇ ಮಕ್ಕಳಿಗೆ ಇಳಿಯಿತೋ, ರಕ್ತಸಂಬಂಧದ ಮದುವೆಯೇ ಇದಕ್ಕೆ ಮೂಲವೋ ಎಂಬ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿದ್ದಿತು.

1863ರಲ್ಲಿ ಅವನು ಮನೆಯ ಬಳಿ ಗಿಡಗಳಿಗಾಗಿ ಒಂದು ಗಾಜಿನ ಮನೆಯನ್ನು ಕಟ್ಟಿಸಿದನು. ಅದೇ ಕಾಲಕ್ಕೆ ಕಾಯಿಲೆಯೂ ಉಲ್ಬಣಿಸಿ ಹಾಸಿಗೆ ಹಿಡಿಯಬೇಕಾಯಿತು. ಸುಮ್ಮನಿರುವ ಸ್ವಭಾವ ಅವನದಲ್ಲ. ಕುಂಡದಲ್ಲಿ ನೆಟ್ಟ ಬಳ್ಳಿಯನ್ನು ಕೋಣೆಯಲ್ಲಿಯೇ ಇರಿಸಿಕೊಂಡು, ಅದರ ಕುಡಿ ಸುತ್ತುವುದನ್ನು ಗಂಟೆಗಟ್ಟಲೆ ನೋಡುತ್ತ ಮಲಗಿದನು. ಹತ್ತುಬಳ್ಳಿಗಳನ್ನು ಕುರಿತ ಅವನ ಪ್ರಬಂಧವು 1865ರಲ್ಲಿ ಪ್ರಕಟವಾಯಿತು. ಅದರಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ನಮ್ಮ ಕೃಷ್ಣಕಮಲದ ಕುಲಕ್ಕೆ ಸೇರಿದ ಬಳ್ಳಿಯ ಭಾಗ. ನೂರು ಎಳೆಗಳನ್ನು ಕೌರವರೆಂದೂ, ಐದು ಕೇಸರಗಳನ್ನು ಪಾಂಡವರೆಂದೂ, ಮೂರು ಶಲಾಕಾಗ್ರಗಳನ್ನು ತ್ರಿಮೂರ್ತಿಗಳೆಂದೂ ನಮ್ಮ ಅಜ್ಜಿಯಂದಿರು ಎಣಿಸಿ ತೋರಿಸುವ ಹೂವಿನ ಕುಲವೇ ಅದು. ಆಸರೆ ಹಿಡಿಯಲು ಈ ಬಳ್ಳಿ ಚಾಚುವ ಕುಡಿತಂತುವನ್ನು ಡಾರ್ವಿನನು ಕಡ್ಡಿಯಿಂದ ಮುಟ್ಟಿ ಭೂತಗನ್ನಡಿಯಲ್ಲಿ ನೋಡಿದನು. ಸುಮಾರು ಅರ್ಧ ನಿಮಿಷದಲ್ಲಿ ಅದು ಬಾಗತೊಡಗಿತು. 1.23 ಮಿಲಿಗ್ರಾಂ ತೂಕದ ತಂತಿಯ ಕುಣಿಕೆಯನ್ನು ತುದಿಗೆ ಸಿಕ್ಕಿಸಿದರೂ ಸಾಕಾಯಿತು. ಅದು ಗುಲಗಂಜಿಯ ನೂರರಲ್ಲೊಂದು ಪಾಲು! ಆದರೆ ಇಂಥ ತಂತುಗಳ ಮೇಲೆ ನೀರಿನ ಹನಿ ಬಿದ್ದರೆ ಅವು ಮಿಸುಕುವುದಿಲ್ಲವೆಂಬುದನ್ನೂ ಅವನು ಕಂಡನು.

ಈ ಮಾತು ಸೊರಬದ ಕಡೆಯವರಿಗೆ ಚೆನ್ನಾಗಿ ಅರ್ಥವಾದೀತು. ಹೊಸಬಾಳೆಯ ನಮ್ಮ ಹಿತ್ತಲಿನಲ್ಲಿ ಶರಬತ್ತಿಗೆಂದು ಹಬ್ಬಿಸಿದ ಪ್ಯಾಶನ್ ಹಣ್ಣಿನ ಬಳ್ಳಿಯಿದೆ. ಆಷಾಢದ ಮಳೆ ದಿನವಿಡೀ ಹೊಡೆದರೂ ಅದರ ಎಳೆಯ ತಂತುಗಳು ನೆಟ್ಟಗೆ ಚಾಚಿಕೊಂಡೇ ಇರುತ್ತವೆ. ತೆಂಗಿನ ಗರಿಯ ಕಡ್ಡಿಯಿಂದ ಸವರಿದರೆ ಮಾತ್ರ ಬಾಗುತ್ತವೆ, ಡಾರ್ವಿನನ ಬಳ್ಳಿಯಷ್ಟು ಚುರುಕಾಗಿ ಅಲ್ಲದಿದ್ದರೂ.

ಆ ಕಾಲದಲ್ಲಿಯೇ ಎಡಿನ್‌ಬರೋ ಸಸ್ಯೋದ್ಯಾನದಲ್ಲಿ ಜಾನ್ ಸ್ಕಾಟ್ ಎಂಬ ತೋಟಗಾರನಿದ್ದನು. ಡಾರ್ವಿನನೊಡನೆ ಪತ್ರವ್ಯವಹಾರ ನಡೆಸುತ್ತಿದ್ದ ಇವನೇ ಮುಂದೆ 1864ರಲ್ಲಿ, ಡಾರ್ವಿನನ ನೆರವಿನಿಂದ, ಭಾರತಕ್ಕೆ ಬಂದು ಕಲ್ಕತ್ತೆಯ ಸಸ್ಯೋದ್ಯಾನವನ್ನು ಸೇರಿದವನು. ಉದ್ಯಾನದಲ್ಲಿ ಕೃಷ್ಣಕಮಲದ ಮೂರು ಜಾತಿಗಳು ವರ್ಷಗಳಿಂದ ಧಾರಾಳವಾಗಿ ಹೂಬಿಡುತ್ತಿದ್ದವು. ಸ್ಕಾಟನು ಅವುಗಳಿಗೆ ತಮ್ಮ ತಮ್ಮ ಪರಾಗವನ್ನೇ ಮತ್ತೆ ಮತ್ತೆ ಹಚ್ಚಿದರೂ ಒಂದು ಬೀಜವೂ ಕಟ್ಟಲಿಲ್ಲ. ಒಂದರ ಪರಾಗವನ್ನು ಇನ್ನೊಂದಕ್ಕೆ ಹಚ್ಚಿದಾಗ ಮೂರೂ ಫಲಿಸಿದವು. ಡಾರ್ವಿನನು ತನ್ನ 1868ರ ಗ್ರಂಥದಲ್ಲಿ ಇದನ್ನು ಬರೆದಿಟ್ಟನು.

ನಮ್ಮ ಬಳ್ಳಿ ಹಳದಿ ಹಣ್ಣಿನ ಜಾತಿಯದು. ಅದೂ ಮೊದಲು ಬರಿಯ ಹೂವಿನ ಬಳ್ಳಿಯೇ ಆಗಿದ್ದಿತು. ಮಧ್ಯಾಹ್ನ ಅರಳುವ ಅದರ ಹೂವಿಗೆ ಬೇರೊಂದು ಮನೆಯ ಬಳ್ಳಿಯ ಪರಾಗವನ್ನು ಹತ್ತಿಯಲ್ಲಿ ತಂದು ಹಚ್ಚಿದ ಮೇಲೆ ಕಾಯಿ ನಿಂತಿತು. ಅದೇ ಬಳ್ಳಿಯ ತುಂಡನ್ನು ಪಕ್ಕದಲ್ಲಿ ನೆಟ್ಟರೆ ಪ್ರಯೋಜನವಿಲ್ಲ. ಅದು ಬೇರೆ ಬಳ್ಳಿಯೆನಿಸುವುದಿಲ್ಲ. ನೇರಿಳೆ ಜಾತಿಗೆ ಈ ಹಟ ಕಡಿಮೆ. ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದವರು ಇವೆರಡನ್ನೂ ಕೂಡಿಸಿಯೇ ಕಾವೇರಿ ಎಂಬ ಮಿಶ್ರತಳಿಯನ್ನು ಪಡೆದರು.

ತನ್ನ ಪರಾಗವನ್ನೇ ಒಲ್ಲೆನೆನ್ನುವ ಹೂಗಳು ಡಾರ್ವಿನನಿಗೆ ಬರಿಯ ಸಸ್ಯಶಾಸ್ತ್ರದ ವಿಷಯವಾಗಿದ್ದವೆಂದು ನನಗೆ ತೋರುವುದಿಲ್ಲ. ಅವನು ಹನ್ನೊಂದು ವರ್ಷ ಬೇರೆ ಬೇರೆ ಗಿಡಗಳನ್ನು ಬಲೆಯಿಂದ ಮುಚ್ಚಿ, ದುಂಬಿಗಳನ್ನು ದೂರವಿರಿಸಿ, ಸ್ವಪರಾಗದ ಸಂತಾನವನ್ನೂ ಪರಪರಾಗದ ಸಂತಾನವನ್ನೂ ಒಂದೇ ಕುಂಡದ ಎರಡು ಬದಿಗಳಲ್ಲಿ ಬೆಳೆಸಿ ಅಳೆದನು. ಇಪೋಮಿಯ ಎಂಬ ಹೂಬಳ್ಳಿಯನ್ನು ಹತ್ತು ತಲೆಮಾರು ನೋಡಿದಾಗ, ಪರಪರಾಗದ ಬಳ್ಳಿಯ ಸರಾಸರಿ ಎತ್ತರ 100 ಆದರೆ ಸ್ವಪರಾಗದ್ದು 77 ಆಯಿತು. ಆರನೆಯ ತಲೆಮಾರಿನಲ್ಲಿ ಸ್ವಪರಾಗದ ಒಂದೇ ಒಂದು ಬಳ್ಳಿ ತನ್ನ ಎದುರಾಳಿಯನ್ನು ಮೀರಿ ಬೆಳೆಯಿತು. ಅದಕ್ಕೆ ವೀರನೆಂಬ ಅರ್ಥದ ಹೆಸರನ್ನೇ ಇಟ್ಟನು. ಮಕ್ಕಳ ತಂದೆಯೊಬ್ಬನು ಆ ಬಳ್ಳಿಯನ್ನು ಎಷ್ಟು ಅಕ್ಕರೆಯಿಂದ ನೋಡಿರಬೇಕು!

ಈ ಪ್ರಯೋಗಗಳ ಮಧ್ಯದಲ್ಲಿ, 1870ರಲ್ಲಿ, ಮುಂದಿನ ವರ್ಷದ ಜನಗಣತಿಯಲ್ಲಿ ಸೋದರಸಂಬಂಧದ ಮದುವೆಗಳ ಬಗ್ಗೆ ಒಂದು ಪ್ರಶ್ನೆಯನ್ನು ಸೇರಿಸಬೇಕೆಂದು ತನ್ನ ಸ್ನೇಹಿತ ಜಾನ್ ಲಬಕ್ಕನ ಮೂಲಕ ಪಾರ್ಲಿಮೆಂಟಿನಲ್ಲಿ ಕೇಳಿಸಿದನು. ಸಭೆ ಒಪ್ಪಲಿಲ್ಲ. ಮಗ ಜಾರ್ಜನು ತಾನೇ ಅಂಕಿಅಂಶಗಳನ್ನು ಕೂಡಿಹಾಕಿ, ಇಂಥ ಮದುವೆಗಳಿಂದ ಕೆಡುಕು ಇದ್ದರೂ ಅಲ್ಪವೆಂದು 1875ರಲ್ಲಿ ಬರೆದನು. ಬಳ್ಳಿಯ ಸ್ವಪರಾಗವೂ ಮಾವನ ಮಗಳ ಮದುವೆಯೂ ಒಂದೇ ಅಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಆದರೂ ಸೋದರಿಕೆಯ ಸಂಬಂಧಗಳು ಬಹಳವಿರುವ ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳಲೂ ಜನ ಹೆದರುತ್ತಾರೆ. ಅವನು ತನ್ನ ಮನೆಯನ್ನೇ ಮುಂದಿಟ್ಟುಕೊಂಡು ಕೇಳಿದನು. ಪರಾಗಸ್ಪರ್ಶದ ಗ್ರಂಥ 1876ರಲ್ಲಿ ಹೊರಬಂದಿತು.

ಡಾರ್ವಿನನು 1882ರ ಏಪ್ರಿಲ್ 19ರಂದು ಡೌನಿನ ಮನೆಯಲ್ಲಿಯೇ ಕಾಲವಾದನು. ಅವನ ದೇಹವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹೂಳಿದರು. ಅವನಿಗಿಂತ ಸುಮಾರು ಒಂಬತ್ತು ತಿಂಗಳು ಹಿರಿಯಳಾದ ಎಮ್ಮಾ 1896ರವರೆಗೆ ಬದುಕಿದ್ದಳು.